ಬಿತ್ತಿದವರ ಹೆಸರು

ನಮ್ಮಣ್ಣ ಬರ್ನಬಾಸನಿಗೆ ಬಹಳ ವರ್ಷ ನಿಸ್ಸಿ ಒಬ್ಬಳೇ ಮಗಳು. ಯಾರಾದರೂ ಅವಳನ್ನು ಮಗಳು ಅಂದರೆ ಅವನಿಗೆ ಸಿಟ್ಟು. “ಇಕಿ ನನ್ನ ಗಂಡಮಗ,” ಎನ್ನುತ್ತಿದ್ದ. ತಾನು ಕ್ಷೌರಕ್ಕೆ ಹೋದಾಗ ಅವಳ ಕೂದಲನ್ನೂ ಕತ್ತರಿಸಿ ತರುತ್ತಿದ್ದ. ಚರ್ಚಿನಲ್ಲಿ ಗಂಡಸರ ಕಡೆ ಕೂರಿಸಿಕೊಂಡ, ಔರಾದದ ಹೊಲದಲ್ಲಿ ಟ್ರ್ಯಾಕ್ಟರ್ ಕಲಿಸಿದ. ತೊಗರಿ ಮಾರಲು ಗಾಂಧಿ ಗಂಜ್ ಮಾರುಕಟ್ಟೆಗೆ ಬಂದರೆ ದಲಾಲರೊಡನೆ ಮಾತಾಡುವವಳು ಅವಳೇ.

ಅವಳು ಎಂಟನೇ ಇಯತ್ತೆಯಲ್ಲಿದ್ದಾಗ ತಮ್ಮ ನೋಹ ಹುಟ್ಟಿದ. ಅವನ ದೀಕ್ಷಾಸ್ನಾನದ ದಿನ ನಿಸ್ಸಿ ಎಂದಿನಂತೆ ಅಪ್ಪನ ಪಕ್ಕ ಕೂರಲು ಹೋದಳು. “ಹೆಣ್ಮಕ್ಕಳ ಕಡಿ ಹೋಗು. ಈಗ ಮಗ ಬಂದಾನ,” ಎಂದ ಅಣ್ಣ. ಮನೆಗೆ ಬಂದು ಟ್ರ್ಯಾಕ್ಟರಿನ ಚಾವಿಯನ್ನೂ ಇಸಿದುಕೊಂಡ. ಎರವಲು ಕೊಟ್ಟ ಅಂಗಿ ಬಿಚ್ಚಿಸಿಕೊಂಡ ಹಾಗೆ.

ನನ್ನ ಮೈ ಉರಿಯಿತು. “ತೊಟ್ಟಿಲದಾಗಿನ ಕೂಸು ಟ್ರ್ಯಾಕ್ಟರ್ ಹೊಡಿತದೇನಣ್ಣಾ?” ಎಂದೆ.

“ನೀ ಸುಮ್ಮಕಿರು, ಲಿಡಿಯಾ.”

ನಿಸ್ಸಿ ಕೂದಲು ಬಿಟ್ಟಳು, ನರ್ಸಿಂಗ್ ಕಲಿತಳು, ಮದುವೆಯಾಗಿ ಭಾಲ್ಕಿ ಸೇರಿದಳು. ಇತ್ತ ನೋಹನಿಗೆ ಟ್ರ್ಯಾಕ್ಟರ್ ಅಂದರೆ ಆಗದು, ಅಡಿಗೆಮನೆ ಅಂದರೆ ಪ್ರಾಣ. ಅವನಷ್ಟು ತೆಳ್ಳಗಿನ ಜೋಳದ ರೊಟ್ಟಿ ನನಗೂ ಬಾರದು. ಅದಕ್ಕಾಗಿ ಅಪ್ಪನ ಕೈಯಲ್ಲಿ ಹೊಡೆತ ತಿಂದೇ ಬೆಳೆದ, ಪಾಪ.

ಈ ವರ್ಷ ಬಿತ್ತುವ ಹೊತ್ತಿಗೇ ಅಣ್ಣನ ಸೊಂಟ ಹಿಡಿಯಿತು, ಡ್ರೈವರ್ ಕೈಕೊಟ್ಟ. ಅಣ್ಣ ಭಾಲ್ಕಿಗೆ ಫೋನ್ ಮಾಡಿದ. “ಬಾ ನಿಸ್ಸಿ, ನೀ ನನ್ನ ಗಂಡಮಗ ಅಲ್ಲೇನು?”

ಆ ಒಂದು ಮಾತಿಗೆ ಹುಚ್ಚು ಹುಡುಗಿ ರಜೆ ಹಾಕಿ ಓಡಿ ಬಂದಳು. ನಾಲ್ಕು ಜನರ ಮುಂದೆ ಅಪ್ಪ ತನ್ನ ಹೆಸರು ಹೇಳಲಿ, ಅಷ್ಟೇ ಅವಳ ಆಸೆ. ಮೈಲೂರದ ನನ್ನ ಮನೆಯಿಂದ ನಾನೂ ಹೋಗಿದ್ದೆ. ಸಂಜೆಯೊಳಗೆ ಸೋಯಾ ಬಿತ್ತಿ ಮುಗಿಸಿದಳು. ಮನೆಯಲ್ಲಿ ನೋಹ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದ.

ಪಕ್ಕದ ಹೊಲದ ಕಾಶೀರಾಮ ಬಂದವನು ಊಟಕ್ಕೆ ಕೂತ. “ಸಾಲು ಭಾಳ ಸೀದಾ ಬಿದ್ದಾವ. ಯಾರು ಬಿತ್ಯಾರ್ರಿ?”

“ನಮ್ಮ ನೋಹ,” ಎಂದ ಅಣ್ಣ, ಸ್ವಲ್ಪವೂ ನಾಚದೆ. “ರೊಟ್ಟಿ ನಿಸ್ಸಿ ಮಾಡ್ಯಾಳ. ಉಣ್ರಿ.”

ನಿಸ್ಸಿಯ ಕೈಗೆ ಗ್ರೀಸ್ ಮೆತ್ತಿತ್ತು, ನೋಹನ ಕೈಗೆ ಹಿಟ್ಟು. ಅಕ್ಕ ತಮ್ಮ ಇಬ್ಬರೂ ಕೈ ಹಿಂದೆ ಮಾಡಿಕೊಂಡು ನಿಂತರು. “ಸುಳ್ಳ ಹೇಳ್ತಿ,” ಎಂದೆ ನಾನು. ಅಣ್ಣ ಕೇಳಿಸದವನಂತೆ ಇನ್ನೊಂದು ರೊಟ್ಟಿ ತೆಗೆದುಕೊಂಡ.

ಭಾಲ್ಕಿ ಬಸ್ ಹತ್ತುವ ಮುಂಚೆ ನಿಸ್ಸಿ ನನ್ನ ಕೈ ಹಿಡಿದುಕೊಂಡಳು.

“ಅತ್ತಿ, ಮಗ ಅನ್ನೋದು ಬ್ಯಾಡಾಗಿತ್ರಿ. ನನ್ನ ಮಗಳು ಬಿತ್ಯಾಳ ಅಂದಿದ್ರ ಸಾಕಿತ್ತು.”