ಚೆಲ್ಲುವ ಮದ್ದು

ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್‌ಗೆ ಪಿಸ್ತೂಲಿನಿಂದ ಗುರಿ ಹೊಡೆಯುವ ಹುಚ್ಚು. ಶೂಟಿಂಗ್ ರೇಂಜಿನಿಂದ ಹೆಕ್ಕಿ ತಂದ ಹಿತ್ತಾಳೆಯ ಖಾಲಿ ತೋಟಾಗಳಿಗೆ ಬೇಸ್‌ಮೆಂಟಿನಲ್ಲಿ ಕೂತು ತಾವೇ ಮದ್ದು ತುಂಬುತ್ತಿದ್ದರು.

"ಚಿಟಿಕೆಯಷ್ಟೇ ಸಾಕಾಗೋ ಮದ್ದು ಸಿಗುತ್ತಂತಲ್ಲ ಅಂಕಲ್, ಇದ್ಯಾಕೆ?" ಎಂದು ಒಮ್ಮೆ ಕೇಳಿದೆ.

"ಅದನ್ನ ಮರತು ಎರಡು ಸಲ ಹಾಕಿದ್ರೂ ಒಳಗ ಹಿಡಿಸ್ತದ. ಆಮ್ಯಾಲೆ ಪಿಸ್ತೂಲು ಕೈಯಾಗ ಸಿಡೀತದ. ಇದು ಜಾಗಾ ತಿನ್ನೋ ಮದ್ದು, ಎರಡನೇ ಸಲಕ್ಕ ಹೊರಗ ಚೆಲ್ಲತದ. ತಪ್ಪು ಕಣ್ಣಿಗೆ ಕಾಣಬೇಕಪಾ."

ಟ್ಯಾಕ್ಸ್ ಫಾರ್ಮ್ ತುಂಬುವಾಗಲೂ ಅವರದು ಅದೇ ಮಾತು.

ಒಂದು ಶನಿವಾರ ಹಿಮ ತೆಗೆಯುವ ಸ್ನೋಬ್ಲೋವರ್ ಕೇಳಲು ಹೋಗಿ ಬೆಲ್ ಒತ್ತಿದೆ. ಮೇಲೆ ಬಂದು ಬಾಗಿಲು ತೆರೆದವರು ನನ್ನನ್ನೂ ಕೆಳಗೆ ಕರೆದೊಯ್ದರು. ಹಲಗೆಯಲ್ಲಿ ಐವತ್ತು ತೋಟಾಗಳು ಬಾಯಿ ತೆರೆದು ನಿಂತಿದ್ದವು. ಅಂಕಲ್ ಬಹಳ ಹೊತ್ತು ನೋಡಿದರು.

"ಬೆಲ್ ಕೇಳಿ ಯಾವುದ್ರಾಗ ಬಿಟ್ಟು ಎದ್ದೆ, ನೆನಪಿಲ್ಲ."

"ಒಂದೂ ಚೆಲ್ಲಿಲ್ಲವಲ್ಲ, ಅಂಕಲ್."

"ಕಮ್ಮಿ ಬಿದ್ದದ್ದು ಚೆಲ್ಲಂಗಿಲ್ಲಲಾ. ಅದರ ಗುಂಡು ನಳಿಗ್ಯಾಗ ಸಿಕ್ಕೊಂಡ್ರ, ಮುಂದಿನ ಗುಂಡಿಗೆ ಪಿಸ್ತೂಲು ಸಿಡೀತದ."

ಒಂದೊಂದನ್ನೇ ಎತ್ತಿ ಮದ್ದನ್ನೆಲ್ಲ ಡಬ್ಬಿಗೆ ಮರಳಿ ಸುರಿದರು. ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ. ಪೂಜೆಗೆ ಕೂತವರ ಹಾಗೆ ಮತ್ತೆ ಮೊದಲನೆಯ ತೋಟಾ ಕೈಗೆತ್ತಿಕೊಂಡರು. ನಾನು ಬಂದ ಕೆಲಸವನ್ನೇ ಮರೆತು ನಿಂತಿದ್ದೆ.

ಆಮೇಲೆ ಆ ಬೇಸ್‌ಮೆಂಟಿನ ಕಿಟಕಿಯಲ್ಲಿ ಬೆಳಕು ಕಂಡಾಗ ನಾನೆಂದೂ ಬೆಲ್ ಒತ್ತಲಿಲ್ಲ.