ಗೆಲಾಕ್ಸಿಯ ನಾಲ್ಕನೇ ಪುಟ

ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಅವನು ನನಗೆ ಮೋಸ ಮಾಡಿದ. ಇಬ್ಬರೂ ಭೌತಶಾಸ್ತ್ರ ಕಲಿಸುವವರು. ನಾನು ಸಾಗರದಲ್ಲಿ, ಅವನು ಹೊಸನಗರದಲ್ಲಿ. ಬಿ.ಎಡ್. ಓದುವಾಗ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಂಡವರು. ತೀರ್ಥಹಳ್ಳಿಯ ವಿಜ್ಞಾನ ಶಿಕ್ಷಕರ ಸಭೆಗೆ ಇಬ್ಬರನ್ನೂ ಕರೆದಿದ್ದರು. ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದು ಯಾಕೆ ನಿಲ್ಲುತ್ತದೆ ಎಂಬುದು ವಿಷಯ.

"ನೀನೇ ಬರಿ ಮಾರಾಯ್ತಿ, ನಿನ್ ಕನ್ನಡ ಚಂದ. ಚಿತ್ರ ನಾ ಮಾಡ್ತೀನಿ" ಎಂದ. ಹೊಗಳಿದರೆ ಉಬ್ಬುವ ಜಾತಿ ನಂದು. ದಸರಾ ರಜೆಯಿಡೀ ಕೂತು ಹನ್ನೆರಡು ಪುಟ ಬರೆದು ಅವನಿಗೆ ಕಳಿಸಿದೆ. ಗೆಲಾಕ್ಸಿ ನಕ್ಷತ್ರ ಮಾಡುವುದು ತನ್ನಲ್ಲಿರುವ ಅನಿಲದಿಂದ. ಹೊರಗಿನಿಂದ ಹೊಸದು ಬರುವುದು ನಿಂತರೂ ಇದ್ದದ್ದನ್ನೇ ಕರಗಿಸುತ್ತ ಬಹುಕಾಲ ತಳ್ಳುತ್ತದೆ, ಅದು ಮುಗಿದ ಮೇಲೆ ನಿಲ್ಲುತ್ತದೆ. ಇನ್ನು ಕೆಲವು, ಗೆಲಾಕ್ಸಿಗಳ ದೊಡ್ಡ ಗುಂಪಿನೊಳಗೆ ನುಗ್ಗುವಾಗ, ಅಲ್ಲಿ ತುಂಬಿರುವ ಬಿಸಿ ಅನಿಲ ಎದುರುಗಾಳಿಯ ಹಾಗೆ ಬಡಿದು ಅವುಗಳದ್ದನ್ನು ಕಿತ್ತೊಯ್ಯುತ್ತದೆ. ಹಳೆಯ ನಕ್ಷತ್ರಗಳು ಉಳಿಯುತ್ತವೆ, ಹೊಸವು ಹುಟ್ಟುವುದಿಲ್ಲ.

ನಾಲ್ಕನೇ ಪುಟದಲ್ಲಿ ಮಾತ್ರ ಎಡವಿದೆ. ಅನಿಲ ತಣ್ಣಗಾದರೆ ನಕ್ಷತ್ರ ಹುಟ್ಟುವುದಿಲ್ಲ ಎಂದು ಬರೆದಿದ್ದೆ. ಸ್ನಾನದ ನೀರಿಗೂ ಅಡಿಕೆ ಬೇಯಿಸುವುದಕ್ಕೂ ಒಲೆಯನ್ನೇ ನಂಬಿದ ಊರಿನವಳು. ಬೆಂಕಿ ಆರಿದರೆ ಕೆಲಸ ನಿಂತಿತು ಎಂಬುದು ರಕ್ತದಲ್ಲೇ ಇದೆ. ನಿಜ ಪೂರ್ತಿ ಉಲ್ಟಾ. ತಣ್ಣಗಿದ್ದರೇ ಅನಿಲ ತನ್ನ ಭಾರಕ್ಕೆ ಕುಸಿದು ನಕ್ಷತ್ರವಾಗುವುದು. ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಆರ್ಭಟಕ್ಕೆ ಕಾದರೆ ಅದು ಹಿಗ್ಗುತ್ತದೆ, ಒಟ್ಟುಗೂಡುವುದಿಲ್ಲ. ಮರುದಿನವೇ ತಿದ್ದಿ ವಾಟ್ಸಾಪ್ ಮಾಡಿ, "ಹಳೇದು ಬಿಸಾಕು" ಎಂದೆ.

"ಸಭೆ ಮುಂದಕ್ಕೆ ಹೋಯ್ತು, ತಾರೀಖು ಹೇಳ್ತೀನಿ" ಎಂಬ ಉತ್ತರ ಬಂತು. ನಂಬಿದೆ. ಅವನ ಮಾತನ್ನು ಒರೆಗೆ ಹಚ್ಚುವ ಅಭ್ಯಾಸವೇ ನನಗಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ತೀರ್ಥಹಳ್ಳಿಯ ಶಿಕ್ಷಕಿಯೊಬ್ಬರ ಫೋನ್. "ನಾಳೆ ಬರ್ತೀರಲ್ಲ ಮೇಡಂ? ಸರ್ ಒಬ್ರದೇ ಹೆಸ್ರು ಹಾಕಿದಾರೆ, ಅದಕ್ಕೇ ಕೇಳ್ದೆ."

ಬೆಳಗಿನ ಬಸ್ಸು ಹತ್ತಿದೆ. ಎಲ್ಲೋ ಏನೋ ತಪ್ಪಾಗಿರಬೇಕು ಎಂದು ಹೊಸನಗರ ದಾಟುವವರೆಗೂ ಅವನ ಪರ ನಾನೇ ವಕಾಲತ್ತು ಮಾಡಿಕೊಂಡೆ. ಎಂಥ ಪೆದ್ದಿ!

ಸಭೆಗೆ ತಲುಪುವಷ್ಟರಲ್ಲಿ ಅವನು ಶುರು ಮಾಡಿದ್ದ. ನನ್ನವೇ ವಾಕ್ಯಗಳು, ನನ್ನದೇ ಎದುರುಗಾಳಿ. "ರಜೆಯೆಲ್ಲ ಇದಕ್ಕೇ ಹೋಯ್ತು ನಂಗೆ" ಎಂದೂ ಸೇರಿಸಿದ. ಮೈಯೆಲ್ಲ ಉರಿದುಹೋಯಿತು. ಹಿಂದಿನ ಸಾಲಿನಲ್ಲಿ ಕೂತ ನನ್ನನ್ನು ನೋಡಿದ, ಒಂದು ಕ್ಷಣ ತಡವರಿಸಿ ಮುಂದುವರಿಸಿದ. ನಾಲ್ಕನೇ ಪುಟ ಬಂತು. ನಾನು ತಿದ್ದಿ ಕಳಿಸಿದ್ದನ್ನು ತೆರೆದೇ ಇರಲಿಲ್ಲ ಪುಣ್ಯಾತ್ಮ.

ಮುಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದರು. "ಅನಿಲ ತಣ್ಣಗಿದ್ರೇ ಅಲ್ವಾ ನಕ್ಷತ್ರ ಆಗೋದು? ನೀವು ಉಲ್ಟಾ ಹೇಳಿದ್ರಿ."

ಅವನು ಹಾಳೆಯ ಮೇಲೆ ಕಣ್ಣಾಡಿಸಿದ. ಆಮೇಲೆ ನನ್ನತ್ತ ಕೈ ತೋರಿಸಿದ. "ಆ ಒಂದು ಪುಟ ನಮ್ಮ ಮೇಡಂ ಬರ್ದಿದ್ದು ಸರ್. ಅಲ್ಲೇ ಕೂತಿದಾರೆ, ಅವ್ರನ್ನೇ ಕೇಳಿ."

ಎಲ್ಲರೂ ಹಿಂದೆ ತಿರುಗಿದರು. ಎದ್ದು ನಿಂತೆ.

"ಹೌದು, ಆ ತಪ್ಪು ನಂದೇ. ಉಳಿದ ಹನ್ನೊಂದು ಪುಟಾನೂ ನಂದೇ" ಎಂದೆ.

ತಮಾಷೆ ಎಂದುಕೊಂಡು ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನು.