ಮೂರು ಸಲ ಬೀಗ ಕಂಡ ಮನೆ

ನಿವೃತ್ತಿಗೆ ಎಂಟು ತಿಂಗಳಿದ್ದಾಗ ನಾನು ಫರೀದಾಬಾದಿನಲ್ಲಿ ಸರ್ವೇ ಇನ್‌ಸ್ಪೆಕ್ಟರ್ ಆಗಿದ್ದೆ. ಕಾರ್ಖಾನೆಗಳ ಹಿಂದೆ ತಗಡಿನ ಝುಗ್ಗಿಗಳ, ಅಂದರೆ ಗುಡಿಸಲುಗಳ, ಒಂದು ಬಸ್ತಿ ಇತ್ತು. ಅದನ್ನು ಕೆಡವುವ ಮೊದಲು, ಬದಲಿ ಫ್ಲ್ಯಾಟ್ ಯಾರಿಗೆ ಸಿಗಬೇಕೆಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ನನ್ನ ಕೆಲಸ. ಮೂರು ಸಲ ಹೋದಾಗಲೂ ಬೀಗ ಕಂಡರೆ ಫಾರಂನಲ್ಲಿ ‘ವಾಸವಿಲ್ಲ’ ಎಂದು ಬರೆದು ರುಜು ಹಾಕಬೇಕು. ನಾವು ಹೋಗುತ್ತಿದ್ದದ್ದು ಆಫೀಸು ವೇಳೆಯಲ್ಲಿ ಮಾತ್ರ.

ಭಾನುವಾರ ನನ್ನದು ಬೇರೆ ಉದ್ಯೋಗ. ಆರ್.ಕೆ.ಪುರಂನ ಗೆಳೆಯರ ಮನೆಯಲ್ಲಿ, ದೆಹಲಿಯಲ್ಲೇ ಬೆಳೆದ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಸರ್ವೇ ನಡೆದ ತಿಂಗಳಲ್ಲೇ ಪಾಠದಲ್ಲಿ ‘ಪೌರ’ ಎಂಬ ಪದ ಬಂತು. ಸಂಸ್ಕೃತದ ಪುರ ಎಂದರೆ ಪಟ್ಟಣ. ಪುರದಲ್ಲಿ ಇರುವವನು ಪೌರ. ನಗರದಿಂದ ನಾಗರಿಕ ಹುಟ್ಟಿದ ಹಾಗೆಯೇ ಇದೂ ಎಂದು ವಿವರಿಸಿದೆ. ಒಬ್ಬ ಹುಡುಗಿ ಕೇಳಿದಳು, “ಅಂಕಲ್, ಝುಗ್ಗಿವಾಲೇ ಭೀ ಪೌರ ಆಗ್ತಾರಾ?”

“ಹೌದಮ್ಮ. ಊರಲ್ಲಿ ಇದ್ದರೆ ಸಾಕು, ಬೇರೇನೂ ಬೇಡ,” ಎಂದೆ. ಉತ್ತರ ನನಗೇ ಬಹಳ ಹಿಡಿಸಿತು.

ಬಸ್ತಿಯ ಒಂದು ಮನೆಗೆ ಮೂರು ಸಲವೂ ಬೀಗ. “ಡ್ಯೂಟಿ ಪೆ ಗಯೀ ಹೈ, ಸಾಬ್,” ಎಂದು ಪಕ್ಕದವಳು ಮೂರು ಸಲವೂ ಹೇಳಿದಳು. ಡ್ಯೂಟಿಗೆ ಹೋದವರಿಗೆಂದು ಫಾರಂನಲ್ಲಿ ಕಾಲಂ ಇರಲಿಲ್ಲ. ರುಜು ಹಾಕಿದೆ.

ಫ್ಲ್ಯಾಟ್ ಸಿಗುವವರ ಪಟ್ಟಿ ಅಂಟಿಸಿದ ಮೇಲೆ ಆ ಮನೆಯ ಶಾಂತಮ್ಮ ಆಫೀಸಿಗೆ ಬಂದಳು. ಸಿಂದಗಿ ಕಡೆಯವಳು, ವಿಧವೆ, ಹನ್ನೊಂದು ವರ್ಷದಿಂದ ಬೋಲ್ಟ್ ಕಾರ್ಖಾನೆಯಲ್ಲಿ ಕೆಲಸ. ಕರೆಂಟ್ ಬಿಲ್ಲು, ವೋಟರ್ ಕಾರ್ಡು ಎಲ್ಲ ಮೇಜಿನ ಮೇಲಿಟ್ಟಳು. “ಐತಾರ ಒಂದಿನ ಬಂದಿದ್ರ ನಾ ಮನ್ಯಾಗ ಇರ್ತಿದ್ನಲ್ರೀ, ಸಾಹೇಬ್ರ.”

ಭಾನುವಾರ ಹೋಗಬಾರದೆಂದು ಯಾವ ನಿಯಮವೂ ಇರಲಿಲ್ಲ. ಆಕೆ ಮನೆಯಲ್ಲಿರುತ್ತಿದ್ದ ಹೊತ್ತಿಗೆ ನಾನು ಪೌರ ಪದದ ಹುಟ್ಟು ಹೇಳುತ್ತಿದ್ದೆ.

ಫೈಲನ್ನು ಮೇಲಧಿಕಾರಿಯ ಹತ್ತಿರ ಒಯ್ದೆ. “‘ವಾಸವಿಲ್ಲ’ ಅನ್ನೋದಕ್ಕೆ ನಿಮ್ಮದೇ ರುಜು, ಕುಲಕರ್ಣಿ ಸಾಬ್. ವಿಚಾರಿಸದೆ ಬರೆದೆ ಅಂತ ಬರೆದುಕೊಡಿ, ಹೆಸರು ಸೇರಿಸೋಣ,” ಎಂದರು. ಬರೆದುಕೊಟ್ಟರೆ ನನ್ನ ಮೇಲೆ ಇಲಾಖಾ ವಿಚಾರಣೆ. ಹೆದರಿದೆ. ಫೈಲನ್ನು ಹಾಗೇ ವಾಪಸು ತಂದೆ.

ಕೆಡವಿದ್ದು ಒಂದು ಬುಧವಾರ. ಶಾಂತಮ್ಮ ಕೆಲಸಕ್ಕೆ ರಜೆ ಹಾಕಿ, ಪಾತ್ರೆಗಳನ್ನು ಹೊರಗೆ ಜೋಡಿಸಿಟ್ಟು, ಹೊಸ್ತಿಲ ಮೇಲೆ ಕೂತಿದ್ದಳು. ಜೆಸಿಬಿ ಹತ್ತಿರ ಬಂದಾಗ, ಇಲಾಖೆಯವರ ಜೊತೆ ನಿಂತಿದ್ದ ನನ್ನ ಕಡೆ ತಿರುಗಿದಳು.

“ಇವತ್ತ ಮನ್ಯಾಗ ಅದೀನಿ. ಬರ್ಕೋರಿ.”

ನನ್ನ ಕೈಯಲ್ಲಿ ಫಾರಂ ಇರಲಿಲ್ಲ.

ಬೀಗ ಕಂಡರೆ ಮನೆಯವರು ದುಡಿಯಲು ಹೋಗಿದ್ದಾರೆಂದು ತಿಳಿದು, ಅವರು ಬರುವ ಹೊತ್ತಿಗೆ ಹೋಗಬೇಕು. ಇಡೀ ಸರ್ವಿಸಿನಲ್ಲಿ ಕಲಿತದ್ದು ಇಷ್ಟು, ಅದೂ ತಡವಾಗಿ. ಆಮೇಲೆ ಕನ್ನಡ ತರಗತಿಗೆ ಹೋಗಲು ಮನಸ್ಸಾಗಲಿಲ್ಲ. ಆ ಹುಡುಗಿಗೆ ನಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಅದನ್ನು ಫಾರಂನಲ್ಲಿ ಬರೆಯಬೇಕಿದ್ದವನೂ ನಾನೇ.